ಹೆವಿ ಮೆಟಲ್ ವಾದಕರನ್ನು ಮಾತನಾಡಿಸುವಾಗ ಏನು ಕೇಳಬೇಕು? ಬಳ್ಳಾರಿ ಸೀಮೆಯ ಕೇಳುಗರ ಚರ್ಚೆ

ತೋರಣಗಲ್ಲು ಪಾಳಿಗಾರ

ಹಾರ್ಡ್ ರಾಕ್ ಮತ್ತು ಹೆವಿ ಮೆಟಲ್ ವಾದಕರ ಸಂದರ್ಶನಗಳನ್ನು ಬಹಳ ಕಾಲದಿಂದ ಓದುತ್ತ, ನೋಡುತ್ತ ಬಂದಿರುವ ನನಗೆ ಒಂದು ವಿಷಯ ಖಚಿತವಾಗಿದೆ. ಸೈತಾನ, ಕುಡಿತ, ತಂಡದೊಳಗಿನ ಜಗಳ ಇವುಗಳ ಬಗ್ಗೆ ಕೇಳಿದಾಗ ಅವರು ಊರೂರಿನಲ್ಲಿ ಹೇಳಿ ಸವೆದ ಉತ್ತರವನ್ನೇ ಕೊಡುತ್ತಾರೆ. ಕೆಲಸದ ಬಗ್ಗೆ, ಅಂದರೆ ಕೈ, ಕಿವಿ, ತಂತಿ, ಯಂತ್ರ, ದಿನಚರಿ ಇವುಗಳ ಬಗ್ಗೆ ಕೇಳಿದಾಗ ಮಾತ್ರ ಅವರ ಮಾತಿಗೆ ಜೀವ ಬರುತ್ತದೆ.

ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಅವರನ್ನೇ ನೋಡಿ. ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯೊಂದರಲ್ಲಿ ವೆಲ್ಡಿಂಗ್ ಕೆಲಸಕ್ಕಿದ್ದ ಅವರು 17ನೆಯ ವಯಸ್ಸಿನಲ್ಲಿ, ಸಂಗೀತವನ್ನೇ ನೆಚ್ಚಿಕೊಂಡು ಕೆಲಸ ಬಿಡಲಿದ್ದ ಕೊನೆಯ ದಿನ, ತಗಡು ಒತ್ತುವ ಪ್ರೆಸ್ ನಡೆಸುವವರು ಬಾರದೇ ಇದ್ದುದರಿಂದ ಆ ಯಂತ್ರದ ಮುಂದೆ ನಿಲ್ಲಬೇಕಾಯಿತು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವರು ಮತ್ತೆ ಹೋಗುವುದಿಲ್ಲವೆಂದಾಗ, ಹಿಡಿದ ಕೆಲಸ ಮುಗಿಸಿ ಬಾ ಎಂದು ತಾಯಿಯೇ ಕಳುಹಿಸಿದರು. ಆ ಮಧ್ಯಾಹ್ನ ಪ್ರೆಸ್ಸಿಗೆ ಸಿಕ್ಕಿ ಅವರ ಬಲಗೈಯ ನಡುಬೆರಳು ಮತ್ತು ಉಂಗುರಬೆರಳುಗಳ ತುದಿ ಹೋದವು. ಅವರು ಎಡಗೈಯಿಂದ ಮೀಟುವವರು. ಆದ್ದರಿಂದ ತಂತಿ ಒತ್ತಬೇಕಾದ ಕೈಯೇ ಅದು. ವೈದ್ಯರು ಗಿಟಾರನ್ನು ಮರೆತುಬಿಡಿ ಎಂದರು. ಕಾರ್ಖಾನೆಯ ಮೇಲ್ವಿಚಾರಕರೊಬ್ಬರು ಮನೆಗೆ ಬಂದು ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ಅವರ ಧ್ವನಿಮುದ್ರಿಕೆಯನ್ನು ಕೊಟ್ಟು, ಬೆಂಕಿಯಲ್ಲಿ ಎಡಗೈಯ ಎರಡು ಬೆರಳುಗಳ ಬಲ ಕಳೆದುಕೊಂಡ ಮನುಷ್ಯ ಹೀಗೆ ನುಡಿಸುತ್ತಾನೆ, ಕೇಳು ಎಂದರು.

ಇಲ್ಲಿಯವರೆಗಿನದು ಎಲ್ಲರಿಗೂ ಗೊತ್ತಿರುವ ಕಥೆ. ನನಗೆ ಮುಖ್ಯವಾದದ್ದು ಅದರ ಮುಂದಿನ ಭಾಗ. ಅವರು ಪಾತ್ರೆ ತೊಳೆಯುವ ದ್ರವದ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು, ತಂತಿಯ ಮೇಲೆ ಹಿಡಿತ ಸಿಗಲೆಂದು ಅದಕ್ಕೆ ತೊಗಲು ಅಂಟಿಸಿದರು. ತೆಳುವಾದ ಗಿಟಾರ್ ತಂತಿ ಆಗ ಅಂಗಡಿಯಲ್ಲಿ ಸಿಗದಿದ್ದುದರಿಂದ ಬ್ಯಾಂಜೋ ತಂತಿ ಹಾಕಿಕೊಂಡರು. 1971ರ ಮೂರನೆಯ ಆಲ್ಬಮ್ ಹೊತ್ತಿಗೆ ಕೆಲವು ಹಾಡುಗಳಿಗೆ ಶ್ರುತಿಯನ್ನೇ ಮೂರು ಅರ್ಧಸ್ವರದಷ್ಟು ಇಳಿಸಿದರು. ತಂತಿಯ ಎಳೆತ ಸ್ವರದ ಆವರ್ತನದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಮೂರು ಅರ್ಧಸ್ವರ ಇಳಿಸಿದರೆ ಎಳೆತದಲ್ಲಿ ಸುಮಾರು ಶೇ. 30ರಷ್ಟು ಕಡಿಮೆಯಾಗುತ್ತದೆ. ಇಂದು ಮೆಟಲ್ ಎಂದರೆ ನಮ್ಮ ಕಿವಿ ನಿರೀಕ್ಷಿಸುವ ಆ ತಗ್ಗಿನ, ಭಾರದ ನಾದದ ಹಿಂದೆ ನೊಂದ ಬೆರಳಿನ ಅನುಕೂಲದ ಲೆಕ್ಕವೂ ಇದೆ.

ನಿಮಗೆ ನೆನಪಿನಲ್ಲಿ ಉಳಿದಿರುವ ಸಂದರ್ಶನ ಯಾವುದು, ಎದುರಿಗೆ ಸಿಕ್ಕರೆ ಏನು ಕೇಳುತ್ತೀರಿ ಎಂಬುದನ್ನು ದಯವಿಟ್ಟು ಬರೆಯಿರಿ.

ಹಾರ್ಮೋನಿಯಂ ಮಾಸ್ತರ, ಬಳ್ಳಾರಿ

ನಾನು ಹಿಂದುಸ್ತಾನಿ ಕಲಿಸುವವನು. ಈ ಸಂಗೀತದ ಅಬ್ಬರ ನನಗೆ ಇನ್ನೂ ಒಗ್ಗಿಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಪಾಠಕ್ಕೆ ಬರುವ ಹುಡುಗರು ಕೇಳಿಸಿದ ಹಾಡುಗಳಲ್ಲಿ ಎರಡು ಸಂಗತಿಗಳು ನನ್ನ ಕುತೂಹಲವನ್ನು ಕೆಣಕಿವೆ.

ಬ್ಲ್ಯಾಕ್ ಸಬ್ಬತ್ ತಂಡದ ಹೆಸರನ್ನೇ ಹೊತ್ತು 1970ರ ಫೆಬ್ರುವರಿ 13ರಂದು ಬಂದ ಮೊದಲ ಆಲ್ಬಮ್‌ನ ಮೊದಲ ಹಾಡಿನಲ್ಲಿ ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ನೇರವಾಗಿ ತೀವ್ರ ಮಧ್ಯಮ, ಇಷ್ಟೇ ಸ್ವರಗಳು. ಪಂಚಮದ ಆಸರೆಯೇ ಇಲ್ಲದೆ ತೀವ್ರ ಮಧ್ಯಮದ ಮೇಲೆ ಹಾಗೆ ನಿಂತುಬಿಟ್ಟರೆ ಎಂಥವರಿಗೂ ಎದೆಯಲ್ಲಿ ಅಳುಕು ಹುಟ್ಟುತ್ತದೆ. ನಮ್ಮಲ್ಲಿ ಸಂಜೆಯ ರಾಗಗಳಲ್ಲಿ ಅದೇ ಸ್ವರಕ್ಕೆ ಗಾಂಧಾರ, ನಿಷಾದಗಳ ಜೊತೆ ಕೊಟ್ಟು ಹದಗೊಳಿಸುತ್ತೇವೆ. ಆ ಸ್ವರ ಎಲ್ಲಿಂದ ಬಂತು ಎಂದು ಅವರನ್ನು ಯಾರಾದರೂ ಕೇಳಿದ್ದಾರೆಯೇ?

ಎರಡನೆಯದು, ಈ ಗಿಟಾರ್‌ನವರು ಗಾಂಧಾರವನ್ನು ಬಿಟ್ಟು ಷಡ್ಜ-ಪಂಚಮ ಎರಡನ್ನೇ ಒಟ್ಟಿಗೆ ಮೀಟುತ್ತ ಹೋಗುತ್ತಾರೆ. ಅದು ನಮ್ಮ ತಂಬೂರಿಯ ಜೋಡಿ. ತಂಬೂರಿಯವರು ಅದರ ಮೇಲೆ ಒಬ್ಬರು ಹಾಡಲಿ ಎಂದು ಕಾಯುತ್ತಾರೆ. ಇವರು ಅದನ್ನೇ ಹಾಡಾಗಿ ನುಡಿಸುತ್ತಾರೆ. ಇದು ಸೋಮಾರಿತನವೋ, ಕಾರಣವಿದೆಯೋ ತಿಳಿದವರು ಹೇಳಬೇಕು.

ಕೊಪ್ಪಳ ಮೈಕ್‌ಸೆಟ್

ಮಾಸ್ತರರೇ, ನಿಮ್ಮ ಎರಡನೆಯ ಪ್ರಶ್ನೆಗೆ ಕಾರಣ ಆಂಪ್ಲಿಫೈಯರ್‌ನಲ್ಲಿದೆ. ಗಿಟಾರ್‌ನ ಸಂಕೇತವನ್ನು ಆಂಪ್ ತಾಳಿಕೊಳ್ಳಬಲ್ಲ ಮಿತಿಗಿಂತ ಜೋರಾಗಿ ನೂಕಿದಾಗ ಅಲೆಯ ನೆತ್ತಿ ಚಪ್ಪಟೆಯಾಗಿ ಹೊಸ ಸ್ವರಾಂಶಗಳು ಹುಟ್ಟುತ್ತವೆ. ಇದನ್ನೇ ಡಿಸ್ಟಾರ್ಷನ್ ಎನ್ನುತ್ತೇವೆ. ಮದುವೆ ಮನೆಯ ಮೈಕ್‌ನಲ್ಲಿ ಇದು ದೋಷ, ಮೆಟಲ್‌ನಲ್ಲಿ ಇದೇ ಬಂಡವಾಳ. ಎರಡು ಸ್ವರಗಳನ್ನು ಒಟ್ಟಿಗೆ ಹೀಗೆ ನೂಕಿದರೆ ಅವುಗಳ ಆವರ್ತನಗಳ ಮೊತ್ತ ಮತ್ತು ವ್ಯತ್ಯಾಸಗಳೂ ಕೇಳಿಸತೊಡಗುತ್ತವೆ. ಷಡ್ಜ-ಪಂಚಮಗಳ ಪ್ರಮಾಣ 2:3 ಆದ್ದರಿಂದ ವ್ಯತ್ಯಾಸ 1, ಅಂದರೆ ಷಡ್ಜಕ್ಕಿಂತ ಒಂದು ಸಪ್ತಕ ಕೆಳಗಿನ ಷಡ್ಜ. ಯಾರೂ ಮೀಟದ ಮಂದ್ರ ಷಡ್ಜ ತಾನಾಗಿಯೇ ಒದಗಿ ಬರುತ್ತದೆ.

ಗಾಂಧಾರವನ್ನು ಸೇರಿಸಿದರೆ ತೊಂದರೆ ಶುರುವಾಗುತ್ತದೆ. ಗಿಟಾರ್‌ನ ಮೆಟ್ಟಿಲುಗಳು (ಫ್ರೆಟ್) ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿರುವುದರಿಂದ ಅದರ ಪಂಚಮ ಶುದ್ಧ ಪಂಚಮಕ್ಕಿಂತ ಕೇವಲ 2 ಸೆಂಟ್ (ಅರ್ಧಸ್ವರದ ನೂರನೆಯ ಒಂದು ಪಾಲಿಗೆ ಒಂದು ಸೆಂಟ್) ತಗ್ಗು, ಗಾಂಧಾರ ಮಾತ್ರ ಸುಮಾರು 14 ಸೆಂಟ್ ಏರು. ಹಾರ್ಮೋನಿಯಂ ಗಾಂಧಾರದ ಬಗ್ಗೆ ಗಾಯಕರ ತಕರಾರು ನಿಮಗೆ ಹೊಸದಲ್ಲ. ಅದೇ ಒಡಕನ್ನು ಡಿಸ್ಟಾರ್ಷನ್ ಹಲವು ಪಟ್ಟು ಹಿಗ್ಗಿಸಿ ಗೊಗ್ಗರು ಮಾಡುತ್ತದೆ. ಆದ್ದರಿಂದ ಗಾಂಧಾರ ಬಿಟ್ಟದ್ದು ಸೋಮಾರಿತನವಲ್ಲ.

ನಾನು ಕೇಳುವುದಾದರೆ ಕಿವಿಯ ಬಗ್ಗೆ ಕೇಳುತ್ತೇನೆ. ಎಸಿ/ಡಿಸಿ ತಂಡದ ಗಾಯಕ ಬ್ರಯನ್ ಜಾನ್ಸನ್ ಅವರು 2016ರಲ್ಲಿ, ಪೂರ್ತಿ ಕಿವುಡಾಗುವ ಅಪಾಯವಿದೆಯೆಂದು ವೈದ್ಯರು ಎಚ್ಚರಿಸಿದ ಮೇಲೆ, ಪ್ರವಾಸವನ್ನು ಅರ್ಧಕ್ಕೆ ಬಿಡಬೇಕಾಯಿತು. ಉಳಿದ ಪ್ರದರ್ಶನಗಳಲ್ಲಿ ಗನ್ಸ್ ಎನ್ ರೋಸಸ್‌ನ ಆಕ್ಸಲ್ ರೋಸ್ ಹಾಡಿದರು. ಮುಂದೆ ಹೊಸ ಶ್ರವಣ ಸಾಧನದ ನೆರವಿನಿಂದ ಅವರು 2020ರ ಆಲ್ಬಮ್‌ಗೆ ಮರಳಿದರು. ಆ ನಾಲ್ಕು ವರ್ಷಗಳ ಬಗ್ಗೆ ಅವರು ಮಾತನಾಡಿರುವುದನ್ನು ನಮ್ಮ ವೃತ್ತಿಯ ಪ್ರತಿಯೊಬ್ಬರೂ ಕೇಳಬೇಕು. 85 ಡೆಸಿಬಲ್‌ನಲ್ಲಿ ದಿನಕ್ಕೆ ಎಂಟು ಗಂಟೆ, ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಅವಧಿ ಅರ್ಧ, ಹಾಗಾಗಿ 100 ಡೆಸಿಬಲ್‌ನಲ್ಲಿ ಹದಿನೈದೇ ನಿಮಿಷ ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸು. ನಮ್ಮ ಜಾತ್ರೆಯ ಡಿ.ಜೆ. ಮುಂದೆ ಹದಿನೈದು ನಿಮಿಷ ನಿಂತು ಮನೆಗೆ ಹೋಗುವವರನ್ನು ನಾನಂತೂ ಕಂಡಿಲ್ಲ.

ರಾಯಚೂರು ಅಧ್ಯಾಪಕಿ

ಪಾಳಿಗಾರರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಕಾರ್ಖಾನೆಯ ಹುಡುಗ, ಕಬ್ಬಿಣದ ಸದ್ದು, ಅದರಿಂದ ಹುಟ್ಟಿದ ಸಂಗೀತ ಎಂಬ ಕಥೆ ಕೇಳಲು ಚೆನ್ನಾಗಿದೆ, ಆದರೆ ಅದು ಎಲ್ಲರ ಕಥೆಯಲ್ಲ. ಡೀಪ್ ಪರ್ಪಲ್‌ನ ಜಾನ್ ಲಾರ್ಡ್ ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೊ ಕಲಿತವರು. 1969ರಲ್ಲಿ ತಂಡ ಮತ್ತು ಆರ್ಕೆಸ್ಟ್ರಾ ಜೊತೆಯಾಗಿ ನುಡಿಸುವ ಕೃತಿಯನ್ನೇ ರಚಿಸಿದವರು. ಐರನ್ ಮೇಡನ್‌ನ ಬ್ರೂಸ್ ಡಿಕಿನ್ಸನ್ ಇತಿಹಾಸದ ಪದವೀಧರರು, ತಂಡದ ವಿಮಾನವನ್ನು ತಾವೇ ನಡೆಸಿದ ಪೈಲಟ್. ಮಾಸ್ತರರು ಕೇಳಿದ ತೀವ್ರ ಮಧ್ಯಮದ ಮೂಲವೂ ಕಾರ್ಖಾನೆಯಲ್ಲಿಲ್ಲ. ಬ್ಲ್ಯಾಕ್ ಸಬ್ಬತ್‌ನ ಬಾಸ್ ವಾದಕ ಗೀಝರ್ ಬಟ್ಲರ್ ಅವರು ಇಂಗ್ಲಿಷ್ ಸ್ವರಕಾರ ಗುಸ್ತಾವ್ ಹೋಲ್ಸ್ಟ್ ಅವರ, ಗ್ರಹಗಳನ್ನು ಕುರಿತ ಆರ್ಕೆಸ್ಟ್ರಾ ಕೃತಿಯ ಮಂಗಳ ಭಾಗವನ್ನು ಮೆಚ್ಚಿ ನುಡಿಸಿಕೊಳ್ಳುತ್ತಿದ್ದುದೂ, ಅದರ ಬೆನ್ನಿಗೇ ಅಯೋಮಿ ಆ ರಿಫ್ (ಮರುಕಳಿಸುವ ಸ್ವರಗುಚ್ಛ) ಹೊಸೆದುದೂ ಅವರ ಮಾತುಗಳಿಂದಲೇ ತಿಳಿದುಬಂದಿವೆ.

ಇನ್ನೊಂದು ಆಕ್ಷೇಪವಿದೆ. ಕೆಲಸದ ಬಗ್ಗೆ ಕೇಳಿಸಿಕೊಳ್ಳುವ ಭಾಗ್ಯ ಎಲ್ಲ ವಾದಕರಿಗೂ ಸಿಕ್ಕಿಲ್ಲ. 1975ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಕಟ್ಟಿದ ರನ್‌ಅವೇಸ್ ತಂಡದ ಲೀಟಾ ಫೋರ್ಡ್, ಲಂಡನ್ನಿನ ಗರ್ಲ್‌ಸ್ಕೂಲ್ ತಂಡದವರು, ಜರ್ಮನಿಯ ಡೊರೊ ಪೆಶ್ ಇವರ ಹಳೆಯ ಸಂದರ್ಶನಗಳನ್ನು ತೆಗೆದು ನೋಡಿ. ಗಂಡಸರ ನಡುವೆ ಹೆಣ್ಣಾಗಿ ಹೇಗಿದ್ದೀರಿ ಎಂಬ ಒಂದೇ ಪ್ರಶ್ನೆ ವೇಷ ಬದಲಿಸಿ ಬರುತ್ತಿರುತ್ತದೆ. ಯಾವ ಪಿಕ್‌ಅಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ಬಳಸುತ್ತೀರಿ, ಈ ಸೋಲೊ ಹೇಗೆ ಕಟ್ಟಿದಿರಿ ಎಂದು ಫೋರ್ಡ್ ಅವರನ್ನು ಕೇಳುವವರು ಸಿಗುವುದು ಅಪರೂಪ. ಆದ್ದರಿಂದ ಸವೆದ ಉತ್ತರ ಬಂತೆಂದು ದೂರುವ ಮುನ್ನ, ಪ್ರಶ್ನೆ ಎಷ್ಟು ಸವೆದಿತ್ತು ಎಂದೂ ನೋಡಬೇಕು.

ನನ್ನ ನೆನಪಿನಲ್ಲಿ ಉಳಿದಿರುವುದು ಸಂದರ್ಶನವೇ ಅಲ್ಲ, ವಿಚಾರಣೆ. 1985ರ ಸೆಪ್ಟೆಂಬರ್ 19ರಂದು ಅಮೆರಿಕದ ಸೆನೆಟ್ ಸಮಿತಿಯ ಮುಂದೆ, ಹಾಡುಗಳಿಗೆ ಎಚ್ಚರಿಕೆಯ ಚೀಟಿ ಅಂಟಿಸಬೇಕೆಂಬ ವಿವಾದದಲ್ಲಿ, ಟ್ವಿಸ್ಟೆಡ್ ಸಿಸ್ಟರ್‌ನ ಡೀ ಸ್ನೈಡರ್ ಸಾಕ್ಷ್ಯ ನುಡಿದರು. ಕೆದರಿದ ಕೂದಲು, ತೋಳಿಲ್ಲದ ಜೀನ್ಸ್ ಅಂಗಿ, ಜೇಬಿನಿಂದ ತೆಗೆದ ಮಡಿಸಿದ ಹಾಳೆ. ಈ ಮನುಷ್ಯ ಏನು ಹೇಳಬಲ್ಲ ಎಂದುಕೊಂಡವರ ಎದುರು ಅವರು, ತಾನು ಕುಡಿಯುವುದಿಲ್ಲ, ಸೇದುವುದಿಲ್ಲ, ಮಾದಕ ವಸ್ತು ಮುಟ್ಟುವುದಿಲ್ಲ ಎಂದು ಹೇಳಿ, ಹಿಂಸೆಯನ್ನು ವರ್ಣಿಸುತ್ತದೆಂದು ಆರೋಪಿಸಿದ್ದ ಹಾಡು ನಿಜವಾಗಿ ತಂಡದ ಗಿಟಾರ್ ವಾದಕನ ಗಂಟಲಿನ ಶಸ್ತ್ರಚಿಕಿತ್ಸೆಯ ಭಯವನ್ನು ಕುರಿತದ್ದೆಂದು ವಿವರಿಸಿದರು. ಕೊನೆಗೆ ಚೀಟಿ ಅಂಟಿತು, ಅದು ಬೇರೆ ಮಾತು. ಆದರೆ ಎದುರಾಳಿ ಕೇಳಿದ ಪ್ರಶ್ನೆಗೂ ಇಷ್ಟು ಒಳ್ಳೆಯ ಉತ್ತರ ಬರಬಹುದಾದರೆ, ಕೆಲಸದ ಪ್ರಶ್ನೆಯೊಂದೇ ದಾರಿ ಎನ್ನುವುದು ಹೇಗೆ?

ತೋರಣಗಲ್ಲು ಪಾಳಿಗಾರ

ಮೇಡಂ, ಮಹಿಳಾ ವಾದಕರ ಬಗ್ಗೆ ನೀವು ಬರೆದದ್ದು ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಮುರಿಯುವುದಿಲ್ಲ. ಅವರಿಗೆ ಕೇಳದೆ ಉಳಿದದ್ದು ಕೆಲಸದ ಪ್ರಶ್ನೆಯೇ ಅಲ್ಲವೇ? ಸ್ನೈಡರ್ ಅವರ ಉತ್ತರವೂ ಒಂದು ಹಾಡು ಹೇಗೆ, ಯಾಕೆ ಹುಟ್ಟಿತು ಎಂಬ ಕಸುಬಿನ ವಿವರವೇ. ಇನ್ನು ಕಾರ್ಖಾನೆಯ ಕಥೆ ಎಲ್ಲರದಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೂ ಜುದಾಸ್ ಪ್ರೀಸ್ಟ್‌ನ ರಾಬ್ ಹಾಲ್ಫರ್ಡ್ ಅವರು ವಾಲ್ಸಾಲ್‌ನಲ್ಲಿ ಶಾಲೆಗೆ ಹೋಗುವಾಗ ಲೋಹದ ಕಾರ್ಖಾನೆಗಳ ಹೊಗೆ, ಸದ್ದುಗಳ ನಡುವೆ ನಡೆದುದನ್ನು ಹೇಳಿಕೊಳ್ಳುವಾಗ, ತೋರಣಗಲ್ಲಿನ ಉಕ್ಕಿನ ಸ್ಥಾವರದಲ್ಲಿ ದುಡಿಯುವ ನನಗೆ ಅದು ದೂರದ ಊರಿನ ಮಾತೆನಿಸುವುದಿಲ್ಲ.

ಕೆಲಸವೆಂದರೆ ಕೈಕೆಲಸ ಮಾತ್ರವಲ್ಲ, ಸಮಯವೂ ಹೌದು. 2001ರಲ್ಲಿ ಮೆಟಾಲಿಕಾದ ಜೇಮ್ಸ್ ಹೆಟ್‌ಫೀಲ್ಡ್ ಕುಡಿತ ಬಿಡುವ ಚಿಕಿತ್ಸೆಗೆ ಹೋಗಿ ಬಂದ ಮೇಲೆ ದಿನಕ್ಕೆ ಮಧ್ಯಾಹ್ನ 12ರಿಂದ 4ರವರೆಗೆ ಮಾತ್ರ ಕೆಲಸ ಮಾಡುವ ನಿಯಮ ಹಾಕಿಕೊಂಡರು. ತಾನಿಲ್ಲದಾಗ ಉಳಿದವರು ಮುದ್ರಿಸಿದ್ದನ್ನು ಕೇಳುತ್ತ ಕೂರುವುದೂ ಅವರಿಗೆ ಸಹಿಸಲಿಲ್ಲ. ಡ್ರಮ್ ವಾದಕ ಲಾರ್ಸ್ ಉಲ್ರಿಕ್ ಇದಕ್ಕೆ ಸಿಡಿದೆದ್ದರು. 2004ರಲ್ಲಿ ಬಂದ ಸಾಕ್ಷ್ಯಚಿತ್ರದಲ್ಲಿ ಈ ಜಗಳವೆಲ್ಲ ಇದೆ. ಕೋಟ್ಯಧಿಪತಿಗಳ ಮುನಿಸು ಎಂದು ನಗುವವರು ನಗಲಿ. ಪಾಳಿಯ ವೇಳೆ ಬದಲಾದಾಗ ಒಂದು ವಿಭಾಗದಲ್ಲಿ ಏಳುವ ಅಸಮಾಧಾನವನ್ನು ಕಂಡವರಿಗೆ ಅಲ್ಲಿ ನಗುವಂಥದ್ದೇನೂ ಇಲ್ಲ.

ಡೆಫ್ ಲೆಪರ್ಡ್ ತಂಡದ ರಿಕ್ ಆಲನ್ ಇನ್ನೊಂದು ಉದಾಹರಣೆ. 1984ರ ಡಿಸೆಂಬರ್ 31ರ ಕಾರು ಅಪಘಾತದಲ್ಲಿ ಎಡಗೈಯನ್ನು ಕಳೆದುಕೊಂಡ ಡ್ರಮ್ ವಾದಕ ಅವರು. ಎಡಗೈ ಬಾರಿಸುತ್ತಿದ್ದುದನ್ನು ಎಡಗಾಲಿನ ಪೆಡಲ್‌ಗಳಿಗೆ ವರ್ಗಾಯಿಸಿ, ಎಲೆಕ್ಟ್ರಾನಿಕ್ ಡ್ರಮ್ ಜೋಡಿಸಿಕೊಂಡು, 1986ರ ಆಗಸ್ಟ್‌ನಲ್ಲಿ ಡಾನಿಂಗ್ಟನ್ ಉತ್ಸವದ ವೇದಿಕೆಗೆ ಮರಳಿದರು. ಅವರ ಧೈರ್ಯದ ಬಗ್ಗೆ ಕೇಳುವವರಿಗೆ ಲೆಕ್ಕವಿಲ್ಲ. ಯಾವ ಪೆಟ್ಟು ಯಾವ ಪೆಡಲ್‌ಗೆ ಹೋಯಿತು, ಎಡಗಾಲು ಅದನ್ನು ಕಲಿಯುವಾಗ ಹೈಹ್ಯಾಟ್ (ಕಾಲಿನಿಂದ ತೆರೆದು ಮುಚ್ಚುವ ಜೋಡಿ ತಾಳ) ಏನಾಯಿತು ಎಂದು ಕೇಳಿದರೆ ಅದೇ ಧೈರ್ಯ ಕಣ್ಣಿಗೆ ಕಾಣುವಂತೆ ಹೊರಬರುತ್ತದೆ.

ಆರನೇ ತಂತಿ

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ, ಗೆಳೆಯರ ತಂಡದಲ್ಲಿ ಗಿಟಾರ್ ನುಡಿಸುತ್ತೇನೆ. ನಮ್ಮ ಕಾಲೇಜಿನ ವಾರ್ಷಿಕ ಪತ್ರಿಕೆಗಾಗಿ ಬೆಂಗಳೂರಿನ ಮೆಟಲ್ ತಂಡವೊಂದರ ವಾದಕರನ್ನು ಮಾತನಾಡಿಸುವ ಅವಕಾಶ ಸಿಗುವಂತಿದೆ. ಅದಕ್ಕಾಗಿ ಬರೆದಿಟ್ಟ ಪ್ರಶ್ನೆಗಳನ್ನು ಈ ಚರ್ಚೆ ಓದಿದ ಮೇಲೆ ಬದಿಗಿಟ್ಟಿದ್ದೇನೆ; ಮೊದಲ ಮೂರು ಪ್ರಶ್ನೆಗಳೂ ತಂಡದ ಹೆಸರು, ಸ್ಫೂರ್ತಿ ಮತ್ತು ಯುವಕರಿಗೆ ಸಂದೇಶ ಎಂಬಂತಿದ್ದವು.

ನಮ್ಮ ಕಡೆಯವರಿಗೆ ಬೆಂಗಳೂರೇ ಈ ಸಂಗೀತದ ಯಾತ್ರಾಸ್ಥಳ. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿದಾಗ ನಮ್ಮ ದೊಡ್ಡಪ್ಪನ ಮಗ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೋಗಿ ಬಂದಿದ್ದರು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಅಲ್ಲಿಯೇ ನುಡಿಸಿತು. ಕ್ರಿಪ್ಟೋಸ್‌ನಂತಹ ತಂಡ 1998ರಿಂದ ಅಲ್ಲಿ ನೆಲೆ ಕಂಡುಕೊಂಡು ಜರ್ಮನಿಯ ವಾಕನ್ ಉತ್ಸವದವರೆಗೆ ಹೋಗಿ ನುಡಿಸಿದೆ. ನಮಗಿಲ್ಲಿ ಬಾಡಿಗೆಗೆ ಒಂದು ಜಾಮ್ ರೂಮ್ (ತಂಡಗಳ ಅಭ್ಯಾಸದ ಕೋಣೆ) ಇಲ್ಲ. ಗೆಳೆಯನ ಮನೆಯ ಜೀನ್ಸ್ ಹೊಲಿಗೆ ಘಟಕದಲ್ಲಿ ಭಾನುವಾರ ಯಂತ್ರಗಳು ನಿಂತ ಮೇಲೆ, ಬಟ್ಟೆಯ ಗಂಟುಗಳ ನಡುವೆ ಅಭ್ಯಾಸ ಮಾಡುತ್ತೇವೆ. ಸದ್ದು ಹೀರಿಕೊಳ್ಳಲು ಆ ಗಂಟುಗಳು ಬಹಳ ಒಳ್ಳೆಯವು ಎಂಬುದಷ್ಟೇ ಸಮಾಧಾನ.

ನನ್ನ ಸಂದೇಹ ಇದು: ಹೇಳಿದ್ದನ್ನೆಲ್ಲ ನಿಜವೆಂದು ಬರೆದುಕೊಳ್ಳಬಹುದೇ? ವಾದಕರು ತಮ್ಮ ಬಗ್ಗೆ ಕಥೆ ಕಟ್ಟುವುದಿಲ್ಲವೇ?

ಗವಿಮಠದ ಓಣಿ

ಕಟ್ಟುತ್ತಾರೆ ತಮ್ಮಾ, ಧಾರಾಳವಾಗಿ ಕಟ್ಟುತ್ತಾರೆ. ಮಾತನಾಡಿಸಲು ಹೋಗುವ ಮುನ್ನ ಅವರ ನಾಲ್ಕೈದು ಹಳೆಯ ಸಂದರ್ಶನಗಳನ್ನು ಓದಿಕೋ. ಎಲ್ಲದರಲ್ಲೂ ಒಂದೇ ವಾಕ್ಯ, ಒಂದೇ ನಗೆ ಬಂದಿದ್ದರೆ ಆ ಭಾಗವನ್ನು ಬಿಡು.

ರಾಯಚೂರು ಅಧ್ಯಾಪಕಿ

ಆ ಸಂದೇಹಕ್ಕೆ ಕೈಸನ್ನೆಯ ಪ್ರಸಂಗವೇ ಸಾಕು. ತೋರುಬೆರಳು ಮತ್ತು ಕಿರುಬೆರಳನ್ನು ಎತ್ತಿ ಹಿಡಿಯುವ, ಇಂದು ಜಗತ್ತಿನ ಪ್ರತಿಯೊಂದು ಮೆಟಲ್ ಸಭೆಯಲ್ಲೂ ಕಾಣುವ ಸನ್ನೆಯನ್ನು ಹರಡಿದವರು ಗಾಯಕ ರಾನಿ ಜೇಮ್ಸ್ ಡಿಯೊ. ಅದನ್ನು ಸೈತಾನನ ಗುರುತೆಂದು ಬರೆದವರು ಅನೇಕರು. ಡಿಯೊ ಅವರನ್ನೇ ಕೇಳಿದಾಗ, ತನ್ನ ಇಟಲಿ ಮೂಲದ ಅಜ್ಜಿ ಕೆಟ್ಟ ಕಣ್ಣು ತಾಗದಿರಲೆಂದು ಮಾಡುತ್ತಿದ್ದ ಸನ್ನೆ ಅದು ಎಂದರು. ನೆಟಿಗೆ ಮುರಿದು, ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುವ ಅಜ್ಜಿಯರ ನಡುವೆ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದೇ ಸನ್ನೆಯನ್ನು ಅವರಿಗಿಂತ ಮೊದಲು ತಾನೇ ವೇದಿಕೆಯ ಮೇಲೆ ಮಾಡಿದ್ದೆನೆಂದು ಗೀಝರ್ ಬಟ್ಲರ್ ಹೇಳಿದ್ದಾರೆ. ಕಿಸ್ ತಂಡದ ಜೀನ್ ಸಿಮನ್ಸ್ ಅವರಂತೂ ಅದನ್ನೇ ಹೋಲುವ ಸನ್ನೆಯ ಮೇಲೆ ಹಕ್ಕು ಕೋರಿ 2017ರಲ್ಲಿ ಅಮೆರಿಕದ ಟ್ರೇಡ್‌ಮಾರ್ಕ್ ಕಚೇರಿಗೆ ಅರ್ಜಿ ಹಾಕಿ, ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡರು.

ಇಲ್ಲಿ ಯಾರು ಮೊದಲು ಎಂದು ತೀರ್ಪು ಕೊಡುವುದು ಸಂದರ್ಶಕರ ಕೆಲಸವಲ್ಲ. ಡಿಯೊ ಅವರಿಗೆ ಆ ಸನ್ನೆ ಅಜ್ಜಿಯಿಂದ ಬಂತು ಎಂಬುದು ಡಿಯೊ ಅವರ ಮಾತು, ಹಾಗೆಂದೇ ಬರೆಯಬೇಕು. ದಿನಾಂಕ, ಊರು, ಧ್ವನಿಮುದ್ರಣದ ವರ್ಷ ಇವನ್ನು ಮಾತ್ರ ಬೇರೆಡೆ ತಾಳೆ ನೋಡಿಕೊಳ್ಳಬೇಕು. ಪಾಳಿಗಾರರ ಕೆಲಸದ ಪ್ರಶ್ನೆಗೆ ನಾನು ಇನ್ನೊಂದು ಕಾರಣಕ್ಕೆ ಒಲಿಯುತ್ತೇನೆ. ಸ್ಫೂರ್ತಿಯ ಬಗ್ಗೆ ಕಟ್ಟುಕಥೆ ಹೇಳುವುದು ಸುಲಭ, ಯಾವ ತಂತಿ ಹಾಕಿದ್ದೆ ಎಂಬುದರಲ್ಲಿ ಹಾಗಲ್ಲ. ಜೊತೆಗೆ ನುಡಿಸಿದವರು, ವಾದ್ಯ ಸರಿಪಡಿಸಿದವರು, ಮುದ್ರಿಸಿದವರು ಎಲ್ಲರೂ ಅದಕ್ಕೆ ಸಾಕ್ಷಿಗಳು.

ಕೇಳಲೇಬಾರದ ಪ್ರಶ್ನೆಗಳೂ ಇವೆ. ಹಾಲ್ಫರ್ಡ್ ತಾನು ಸಲಿಂಗಕಾಮಿ ಎಂದು 1998ರಲ್ಲಿ ಎಂಟಿವಿ ಸಂದರ್ಶನದಲ್ಲಿ ಹೇಳಿದರು. ಆ ಮಾತು ಬಂದದ್ದು ಅವರಿಗೆ ಹೇಳಬೇಕೆನಿಸಿದ ಗಳಿಗೆಯಲ್ಲಿ, ಪತ್ರಕರ್ತರ ಜಾಣ್ಮೆಯಿಂದಲ್ಲ.

ಹಾರ್ಮೋನಿಯಂ ಮಾಸ್ತರ, ಬಳ್ಳಾರಿ

ಗಾಂಧಾರದ ವಿವರಣೆಗಾಗಿ ಮೈಕ್‌ಸೆಟ್ ಅವರಿಗೆ ಕೃತಜ್ಞತೆಗಳು. ನಿನ್ನೆ ಶಿಷ್ಯನೊಬ್ಬನ ಗಿಟಾರ್‌ನ ಡಿಸ್ಟಾರ್ಷನ್ ಪೆಡಲ್‌ನಲ್ಲಿ ಎರಡೂ ರೀತಿ ಮೀಟಿಸಿ ನೋಡಿದೆ. ಮಂದ್ರ ಷಡ್ಜ ನಿಜವಾಗಿಯೂ ಬಂತು.

ಆರನೇ ತಂತಿಯವರಿಗೆ ಒಂದು ಸಲಹೆ. ನಮ್ಮಲ್ಲಿ ಹಿರಿಯ ಗಾಯಕರನ್ನು ಮಾತನಾಡಿಸುವವರು ಗುರು ಯಾರು, ಘರಾಣೆ ಯಾವುದು ಎಂದು ಕೇಳಿ ಮುಗಿಸುತ್ತಾರೆ. ಬೆಳಿಗ್ಗೆ ಎದ್ದು ಯಾವ ಸ್ವರದಿಂದ ರಿಯಾಜ್ ಶುರು ಮಾಡುತ್ತೀರಿ, ಗಂಟಲು ಕಟ್ಟಿದ ದಿನ ಏನು ಹಾಡುತ್ತೀರಿ ಎಂದು ಕೇಳಿದಾಗ ಮುಖ ಅರಳುವುದನ್ನು ನಾನು ಕಂಡಿದ್ದೇನೆ. ಕಿರುಚಿ ಹಾಡುವ ನಿಮ್ಮ ಗಾಯಕರಿಗೂ ಗಂಟಲಿದೆ. ಮರುದಿನ ಇನ್ನೊಂದು ಊರಿನಲ್ಲಿ ಅದೇ ಕೂಗನ್ನು ಎಬ್ಬಿಸಲು ಅದನ್ನು ಹೇಗೆ ಕಾಪಾಡಿಕೊಳ್ಳುತ್ತಾರೆ, ಉಸಿರನ್ನು ಹೊಟ್ಟೆಯಿಂದ ತರುತ್ತಾರೋ ಇಲ್ಲವೋ, ನನಗಾಗಿ ಇದನ್ನೊಂದು ಕೇಳಿ ಬನ್ನಿ.

ಕೊಪ್ಪಳ ಮೈಕ್‌ಸೆಟ್

ಸಮಯದ ಬಗ್ಗೆ ನನ್ನದೊಂದು ಮಾತು. ಕಾರ್ಯಕ್ರಮ ಮುಗಿದ ಕೂಡಲೇ ಹೋಗಬೇಡಿ. ಆಗ ಅವರ ಕಿವಿ ಗುಂಯ್‌ಗುಡುತ್ತಿರುತ್ತದೆ, ಸಾಮಾನು ಕಟ್ಟುವ ಅವಸರವೂ ಇರುತ್ತದೆ. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕೆಂಬ ಕಾನೂನು ಇರುವುದರಿಂದ ಹೊರಾಂಗಣದಲ್ಲಂತೂ ಕೊನೆಯ ಅರ್ಧ ಗಂಟೆ ಎಲ್ಲರೂ ಗಡಿಯಾರ ನೋಡುತ್ತಿರುತ್ತಾರೆ. ಸೌಂಡ್ ಚೆಕ್ ಮುಗಿದು ಪ್ರದರ್ಶನ ಶುರುವಾಗುವವರೆಗಿನ ಹೊತ್ತು ಒಳ್ಳೆಯದು. ವಾದಕರಿಗೆ ಕಾಯುವುದನ್ನು ಬಿಟ್ಟು ಬೇರೆ ಕೆಲಸವಿರುವುದಿಲ್ಲ, ವಾದ್ಯವೂ ಕೈಯಲ್ಲೇ ಇರುತ್ತದೆ. ಮಾತಿನಲ್ಲಿ ತೋಚದ್ದನ್ನು ನುಡಿಸಿ ತೋರಿಸುತ್ತಾರೆ. ಮೊಬೈಲ್‌ನಲ್ಲಿ ಮುದ್ರಿಸಿಕೊಳ್ಳುವುದಾದರೆ ಆಂಪ್‌ಗಳಿಂದ ದೂರ, ಅವರ ಎದೆಯ ಮಟ್ಟಕ್ಕೆ ಹಿಡಿಯಿರಿ. ಮೇಜಿನ ಮೇಲಿಟ್ಟರೆ ಡ್ರಮ್ ಸರಿಪಡಿಸುವ ಸದ್ದೇ ತುಂಬಿಕೊಳ್ಳುತ್ತದೆ.

ಆರನೇ ತಂತಿ

ಎಲ್ಲರ ಸಲಹೆಗಳನ್ನೂ ಬರೆದುಕೊಂಡಿದ್ದೇನೆ. ಆರನೆಯ ತಂತಿಯ ದಪ್ಪವೆಷ್ಟು, ಶ್ರುತಿ ಎಷ್ಟು ಇಳಿಸಿದ್ದೀರಿ, ಹಾಗೆ ಇಳಿಸಿದಾಗ ತಂತಿ ಸಡಿಲವಾಗಿ ಮೆಟ್ಟಿಲಿಗೆ ಬಡಿಯದಂತೆ ಏನು ಮಾಡಿಕೊಂಡಿರಿ ಎಂಬುದರಿಂದ ಶುರು ಮಾಡುತ್ತೇನೆ. ಡ್ರಮ್ ವಾದಕರಿಗೆ ಕಿವಿಯ ರಕ್ಷಣೆಯ ಪ್ರಶ್ನೆ, ಗಾಯಕರಿಗೆ ಮಾಸ್ತರರ ಉಸಿರಿನ ಪ್ರಶ್ನೆ. ಹಗಲು ಹೊತ್ತು ಯಾವ ನೌಕರಿ ಮಾಡುತ್ತೀರಿ, ಅಭ್ಯಾಸಕ್ಕೆ ಯಾವ ವೇಳೆ ಉಳಿಯುತ್ತದೆ ಎಂಬುದನ್ನು ಪಾಳಿಗಾರ ಅಣ್ಣನವರ ಪರವಾಗಿ ಕೇಳುತ್ತೇನೆ. ಆ ತಂಡದ ಬಾಸ್ ವಾದಕಿಯನ್ನು ಮೇಡಂ ಹೇಳಿದ ಆ ಹಳೆಯ ಪ್ರಶ್ನೆಯಿಂದ ಖಂಡಿತ ಕಾಡುವುದಿಲ್ಲ. ಅವರ ಎರಡನೆಯ ಹಾಡಿನಲ್ಲಿ ಗಿಟಾರ್ ನಿಂತು ಬಾಸ್ ಒಂದೇ ಮುಂದುವರಿಯುವ ಜಾಗವಿದೆ, ಅದನ್ನು ಬೆರಳಿನಿಂದ ನುಡಿಸಿದರೋ ತಂತಿ ಮೀಟುವ ಪಿಕ್‌ನಿಂದಲೋ ಎಂದು ತಿಳಿಯಲು ನಾವು ಗೆಳೆಯರೆಲ್ಲ ವಾದಕ್ಕೆ ಬಿದ್ದಿದ್ದೇವೆ.

ತೋರಣಗಲ್ಲು ಪಾಳಿಗಾರ

ಆ ಬಾಸ್ ಪ್ರಶ್ನೆಯನ್ನೇ ಮೊದಲು ಕೇಳಿ, ತಂತಿಯ ದಪ್ಪ ಆಮೇಲೆ ಬರಲಿ. ಅಚ್ಚಿಗೆ ಕೊಡುವ ಮುನ್ನ ತಂತಿ, ಶ್ರುತಿ, ಸಾಧನಗಳ ವಿವರವನ್ನು ಮಾತ್ರ ಅವರಿಗೆ ಕಳುಹಿಸಿ ಸರಿಯಿದೆಯೇ ಎಂದು ಕೇಳಿಕೊಳ್ಳಿ. ಉಳಿದ ಮಾತನ್ನು ತಿದ್ದಲು ಕೊಟ್ಟರೆ ಅವರು ಅದನ್ನು ಮತ್ತೆ ಹಳೆಯ ಸಂದರ್ಶನದಂತೆ ಮಾಡಿ ಹಿಂದಿರುಗಿಸುತ್ತಾರೆ. ಪತ್ರಿಕೆ ಬಂದಾಗ ಆ ಪುಟಗಳನ್ನು ಇಲ್ಲಿಯೂ ಹಾಕಿ.